ಕೋಡಿಯ ಮೇಲಿನ ಮೂಟೆಗಳು

ತೆಪ್ಪದ ಮೇಲಿಟ್ಟ ಯಂತ್ರದ ಉದ್ದನೆಯ ಕೊಳವೆ ಮುತ್ತಿಗನಕೆರೆಯ ನೀರನ್ನು ದಾಟಿ ತಳದ ಹೂಳಿನೊಳಗೆ ನಿಧಾನವಾಗಿ ಇಳಿಯಿತು. ದಡದಲ್ಲಿ ಕುಳಿತು ಪರದೆ ನೋಡುತ್ತಿದ್ದ ನಫೀಸಾಗೆ, ತನ್ನ ಯಂತ್ರ ಇವತ್ತೊಂದು ದಿನ ಕೆಟ್ಟುಹೋಗಬಾರದೇ ಅನ್ನಿಸಿತು.

ಅದನ್ನು ಕಂಡುಹಿಡಿದವಳು ಅವಳೇ. ಕೆರೆಯ ಹೂಳು ಪದರ ಪದರವಾಗಿ ಕೂಡುತ್ತದೆ. ರಭಸದ ನೀರು ದಪ್ಪ ಮರಳನ್ನು ಹೊತ್ತು ತರುತ್ತದೆ, ನಿಂತ ನೀರು ನುಣ್ಣನೆಯ ಜೇಡಿಯನ್ನು ಇಳಿಸುತ್ತದೆ. ಯಂತ್ರವು ಒಂದೊಂದು ಪದರಕ್ಕೂ ಬೆಳಕು ಹಾಯಿಸಿ ಮರಳಿನ ಕಣ, ಹೂವಿನ ಪರಾಗ, ಚೀಲದ ಎಳೆ ಎಲ್ಲವನ್ನೂ ಅಳೆದು, ಯಾವ ಮಳೆಗೆ ನೀರು ಎಲ್ಲಿಂದ ಬಂತು, ಎಲ್ಲಿ ತಡೆದು ನಿಂತಿತು ಎಂದು ತೋರಿಸುತ್ತದೆ. ಜನ ಅದನ್ನು ಕೆಸರುಗನ್ನಡಿ ಎಂದು ಕರೆದರು. ಅದು ಬಂದ ಮೇಲೆ ನೆರೆಗೂ ಬರಕ್ಕೂ ದೇವರ ಮೇಲೆ ಭಾರ ಹಾಕಿ ಕೈತೊಳೆದುಕೊಳ್ಳುವುದು ಕಷ್ಟವಾಯಿತು. ಮುಚ್ಚಿಹೋಗಿದ್ದ ಎಷ್ಟೋ ಕಾಲುವೆಗಳು ತೆರೆದವು, ನಿಜ. ಎಷ್ಟೋ ಊರುಗಳಲ್ಲಿ ಅಕ್ಕಪಕ್ಕದವರು ಮಾತು ಬಿಟ್ಟದ್ದೂ ಅಷ್ಟೇ ನಿಜ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯನ್ನು ನಫೀಸಾ ಬೇಕಾದಷ್ಟು ಉಂಡಿದ್ದಳು.

ಚಳ್ಳಕೆರೆ ಸೀಮೆಯ ಈ ಊರಿಗೆ ಅವಳನ್ನು ಕರೆಸಿದವನು ಮುದುಕ ಬೊಮ್ಮಯ್ಯ. ಇಪ್ಪತ್ತು ವರ್ಷಗಳ ಹಿಂದೆ, ಮೂರು ವರ್ಷದ ಬರದ ಬೆನ್ನಿಗೆ, ಒಂದೇ ಮಳೆಗೆ ಕೆರೆ ತುಂಬಿ ಕೋಡಿ ಬಿದ್ದಿತ್ತು. ಕೋಡಿಯೆಂದರೆ ಹೆಚ್ಚಾದ ನೀರು ಹೊರಹೋಗಲು ಏರಿಯ ಪಕ್ಕದಲ್ಲಿ ಹಿರಿಯರು ಬಿಟ್ಟ ತಗ್ಗಿನ ಕಲ್ಲುಕಟ್ಟೆ. ಹನಿ ನೀರಿಗೆ ಬಾಯಿ ಬಿಟ್ಟ ಜನಕ್ಕೆ ಆ ನೀರು ಹೋಗುವುದನ್ನು ನೋಡಲಾಗಲಿಲ್ಲ. ಬೊಮ್ಮಯ್ಯನ ಹೆಂಡತಿ ಮಾರಕ್ಕ ಊರ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಕೋಡಿಯ ಮೇಲೆ ಮರಳಿನ ಮೂಟೆ ಪೇರಿಸಿದಳು. ಮಾರನೆಯ ದಿನ ಮತ್ತೆ ಮಳೆ ಸುರಿಯಿತು. ನೀರು ಏರಿಯನ್ನೇ ಹತ್ತುವುದು ಕಂಡು, ಕೆಳಗಿನ ತಗ್ಗಿನಹಟ್ಟಿಯವರನ್ನು ಎಚ್ಚರಿಸಲು ಓಡಿದ ಮಾರಕ್ಕ ತಿರುಗಿ ಬರಲಿಲ್ಲ. ಅಷ್ಟರಲ್ಲೇ ಏರಿ ಒಡೆದಿತ್ತು. ಅವಳ ಕೂಗಿಗೆ ಓಡಿ ಬದುಕಿದವರು ಬಹಳ, ಅವಳೊಂದಿಗೇ ಕೊಚ್ಚಿಹೋದವರೂ ಇದ್ದರು.

ಅಂದಿನಿಂದ ಕೆರೆ ತುಂಬಿದಾಗಲೆಲ್ಲ ಬಾಗಿನ ಕೊಟ್ಟು, ಮನೆಗೊಂದು ಮೂಟೆಯನ್ನು ಮಾರಕ್ಕನ ಹೆಸರಿನಲ್ಲಿ ಕೋಡಿಯ ಮೇಲಿಡುವುದು ಪದ್ಧತಿಯಾಯಿತು. ಮೊದಲ ಮೂಟೆ ಬೊಮ್ಮಯ್ಯನದು. ಆಮೇಲಿನ ಮಳೆಗಳು ಸಾಧುವಾಗಿದ್ದುದರಿಂದ ಏನೂ ಆಗಿರಲಿಲ್ಲ. ಮೇಲಿನೂರಿನವರು ತಮ್ಮ ಕೆರೆಯ ತೂಬೆತ್ತಿ ನೀರು ಬಿಟ್ಟು ತನ್ನವಳನ್ನು ಕೊಂದರೆಂದು ಅವನು ನಂಬಿದ್ದ. ಸಾಯುವುದರೊಳಗೆ ಅದೊಂದು ರುಜುವಾತಾಗಬೇಕಿತ್ತು. ಅದಕ್ಕಾಗಿ ವಾರದಿಂದ ನಫೀಸಾಗೆ ಮನೆಮಗಳಂತೆ ರೊಟ್ಟಿ ಬಡಿದು ಹಾಕುತ್ತಿದ್ದ.

ಈ ಸಲವೂ ಬರದ ಬೆನ್ನಿಗೇ ಕೆರೆ ತುಂಬಿತ್ತು. ನಿನ್ನೆ ಮೂಟೆ ಇಟ್ಟಾಗಿತ್ತು. ನಾಳೆ ಭಾರಿ ಮಳೆಯೆಂದು ಹವಾಮಾನದವರು ಹೇಳಿದ್ದರು. ಹಟ್ಟಿ ಮತ್ತೆ ಅದೇ ತಗ್ಗಿನಲ್ಲಿ ಬೆಳೆದು ನಿಂತಿತ್ತು.

ಪರದೆಯ ಮೇಲೆ ಮಾರಕ್ಕ ಸತ್ತ ವರ್ಷದ ಪದರ ಮೂಡಿತು. ಅದರಲ್ಲಿ ಮೇಲಿನೂರಿನ ಕೆರೆಯ ಮಣ್ಣಿನ ಸುಳಿವೇ ಇರಲಿಲ್ಲ. ಬರಕ್ಕೆ ಕಾದು ಹೆಂಚಿನಂತಾಗಿದ್ದ ನೆಲ ಮಳೆಯನ್ನು ಕುಡಿದಿರಲಿಲ್ಲ. ಬಿದ್ದದ್ದೆಲ್ಲ ಹರಿದು ಬಂದಿತ್ತು. ಕೆರೆಯ ಅರ್ಧ ಹೊಟ್ಟೆ ಹೂಳಾಗಿತ್ತು. ಅಷ್ಟಾದರೂ, ಕೋಡಿ ತೆರೆದಿದ್ದರೆ ಏರಿ ನಿಲ್ಲುತ್ತಿತ್ತು.

ಬೊಮ್ಮಯ್ಯ ಚಹಾ ಹಿಡಿದು ಬಂದ. "ಏನಂತೈತವ್ವ ಕನ್ನಡಿ? ಮೇಲಿನೂರೋರು ತೂಬು ಎತ್ತಿದ್ದು ಕಾಣ್ತಾ?"

ಎಲ್ಲ ಮಳೆಯದೇ ತಪ್ಪು ಎಂದುಬಿಡಬಹುದಿತ್ತು. ಮುದುಕನ ಮುಖ ನೋಡಿ ನಫೀಸಾಗೆ ಹಾಗೇ ಅನ್ನಬೇಕೆನಿಸಿತು ಕೂಡ. ಆದರೆ ಏರಿಯ ಕೆಳಗೆ ಹಟ್ಟಿಯ ಮನೆಗಳ ಮುಂದೆ ಮಕ್ಕಳ ಯೂನಿಫಾರಂಗಳು ಒಣಗುತ್ತಿದ್ದವು.

"ಇಲ್ಲಜ್ಜ, ಅವರೇನೂ ಮಾಡಿಲ್ಲ. ಮೂಟೆ ಇಲ್ಲದಿದ್ದರೆ ಏರಿ ಒಡೀತಿರಲಿಲ್ಲ."

ಅವನು ಚಹಾದ ಲೋಟವನ್ನು ನೆಲದ ಮೇಲಿಟ್ಟ. ಹಾಗಾದರೆ ಮಾರಕ್ಕ ಹಟ್ಟಿಗೆ ಓಡಿದ್ದೂ ಸುಳ್ಳೇ ಎಂದು ಕೇಳಿದ. ಅದು ನಿಜ ಎಂದಳು ನಫೀಸಾ, ಅವಳಿಂದ ಬದುಕಿದವರ ಮೊಮ್ಮಕ್ಕಳೇ ಅಲ್ಲಿ ಆಡುತ್ತಿದ್ದಾರಲ್ಲ.

"ಮೂಟೆ ಹೊತ್ತೋಳೂ ಅವಳೇ, ಓಡಿದೋಳೂ ಅವಳೇ," ಎಂದ ಬೊಮ್ಮಯ್ಯ. ಆಮೇಲೆ ಅತ್ತ.

ಅತ್ತು ಮುಗಿಸಿ ಕೋಡಿಗೆ ಹೋದ. ಅರಿಶಿನ ಕುಂಕುಮ ಹಚ್ಚಿದ ತನ್ನ ಮೂಟೆಯನ್ನು ತಬ್ಬಿ ಎಳೆದು ಹಾಕಿದ. ಊರು ಕೂಡಿತು. ಮುದುಕನಿಗೆ ಅರಳುಮರಳು ಎಂದರು, ಸತ್ತವಳಿಗೆ ಅವಮಾನ ಎಂದು ಬೈದರು. ಅವನು ಎರಡನೆಯ ಮೂಟೆಗೆ ಕೈ ಹಾಕಿದಾಗ, ಹಟ್ಟಿಯ ಹೆಂಗಸೊಬ್ಬಳು ಬಂದು ಇನ್ನೊಂದು ತುದಿ ಹಿಡಿದಳು. ಸಂಜೆಯ ಹೊತ್ತಿಗೆ ಕೋಡಿ ಬಯಲಾಯಿತು. ಬರ ಕಂಡ ಕಣ್ಣುಗಳ ಮುಂದೆ ಅಷ್ಟೊಂದು ನೀರು ಹರಿದು ಹೋಯಿತು. ತಡೆಯಲಾರದೆ ಹಲವರು ಮುಖ ತಿರುಗಿಸಿ ಮನೆಗೆ ನಡೆದರು.

ನಫೀಸಾ ಕೊಳವೆಯನ್ನು ಮೇಲೆಳೆದು ಒರೆಸುತ್ತಿದ್ದಳು. ಗಾಜಿನೊಳಗಿನ ಮಣ್ಣಿನ ಕಂಬದ ನಡುವೆ ದಪ್ಪನೆಯ ಕಪ್ಪು ಪದರವೊಂದಿತ್ತು, ತುಂಬ ಪ್ಲಾಸ್ಟಿಕ್ಕಿನ ಚೂರು. ಬೊಮ್ಮಯ್ಯ ಅದರ ಮೇಲೆ ಬೆರಳಿಟ್ಟು ಏನೆಂದು ಕೇಳಿದ. ಅದು ನೆರೆಗೂ ಎಷ್ಟೋ ವರ್ಷ ಹಿಂದಿನದು, ಎರಡು ಸಾವಿರದ ಇಪ್ಪತ್ತರ ಆಚೀಚಿನ ವರ್ಷಗಳದು ಎಂದಳು. ಗುಡ್ಡ ಅಗೆದದ್ದು, ಕಾಲುವೆ ಮುಚ್ಚಿ ಸೈಟು ಮಾಡಿದ್ದು, ಹೂಳು ಎತ್ತದೆ ಬಿಟ್ಟದ್ದು ಎಲ್ಲ ಅದರಲ್ಲಿತ್ತು. ಆಗ ಕೆರೆ ಉಳಿಸಿಕೊಂಡಿದ್ದರೆ ಮಾರಕ್ಕ ಮೂಟೆ ಹೊರಬೇಕಾಗಿಯೇ ಇರಲಿಲ್ಲ.

ಮುದುಕ ಗಾಜಿನ ಮೇಲಿಂದ ಬೆರಳು ತೆಗೆಯಲಿಲ್ಲ.

"ಹಿಂಗಾಗ್ತೈತೆ ಅಂತ ಆಗಿನೋರಿಗೆ ಗೊತ್ತಿರ್ಲಿಲ್ವೇನವ್ವ?"

"ಗೊತ್ತಿತ್ತಜ್ಜ," ಎಂದಳು ನಫೀಸಾ.