ಮುಟ್ಟದೆ ಬಿಟ್ಟ ಅವಲಕ್ಕಿ

"ಬ್ಯಾಡ್ರಿ... ನನಗ ಏನೂ ಬ್ಯಾಡ."

ಅವಲಕ್ಕಿಯ ತಟ್ಟೆ ತನುಜಾಳ ಚಾಚಿದ ಕೈಯಲ್ಲೇ ಉಳಿಯಿತು. ಕನ್ಯೆ ನೋಡಲು ಬಂದ ಗಂಡು ಅವಲಕ್ಕಿ ಮುಟ್ಟಲಿಲ್ಲವೆಂದರೆ ಹತ್ತಿಮತ್ತೂರಿನಲ್ಲಿ ಅದಕ್ಕೆ ಒಂದೇ ಅರ್ಥ... ಹುಡುಗಿ ಒಪ್ಪಿಗೆಯಾಗಿಲ್ಲ!

ಯಲವಿಗಿಯ ಫಕ್ಕೀರೇಶ ಮುಖದ ಮಾಸ್ಕ್ ಕೂಡ ತೆಗೆಯಲಿಲ್ಲ. ತನುಜಾಳ ಅಪ್ಪ ಪರಮೇಶಪ್ಪ ಪಕ್ಕಕ್ಕೆ ಬಂದು ಕುಳಿತರೆ, ಈತ ಕುರ್ಚಿ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದ! ಅವನ ಸೋದರಮಾವ ಮಾತ್ರ ಒಳಗೆ ಕೂತು ಎರಡು ತಟ್ಟೆ ಮುಗಿಸಿದ, ಪುಣ್ಯಾತ್ಮ.

ಆದರೆ ಹೊರಡುವಾಗ ಫಕ್ಕೀರೇಶ ಬಾಗಿಲಲ್ಲಿ ತಿರುಗಿ ಅವಳನ್ನೇ ನೋಡಿದ್ದ. ಒಲ್ಲೆ ಎನ್ನುವವರ ಕಣ್ಣು ಹಾಗಿರುತ್ತವೆಯೇ? ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಎಂಥಾ ಸೊಕ್ಕು!" ಅವ್ವ ವೀರವ್ವ ಸಿಡಿಮಿಡಿಗೊಂಡಳು. "ಧಾರವಾಡದಾಗ ರೋಗದ ಹುಳದ ಮ್ಯಾಲ ಅದೇನೋ ಸಂಶೋಧನೆ ಮಾಡ್ತಾನಂತ. ನಮ್ಮನ್ನೂ ಹುಳ ಅಂತ ತಿಳಕೊಂಡಾನೇನು? ಮಂಗಳವಾರ ಹಿರೇಕೆರೂರಿನವರು ಕನ್ಯಾ ನೋಡಾಕ ಬರ್ತಾರ. ಅದನ್ನ ಮುಗಿಸಿಬಿಡೋಣು."

ಮುಗಿಸುವುದಂತೆ! ಆ ಕಣ್ಣು ಮರೆಯಲಿಕ್ಕೇ ಆಗುತ್ತಿಲ್ಲವಲ್ಲ... ಇದು ಸಿಟ್ಟೋ, ಸಂಕಟವೋ, ಅವಳಿಗೇ ಗೊತ್ತಾಗಲಿಲ್ಲ.

ನಾಲ್ಕು ದಿನ ಕಳೆದು, ಸೋಮವಾರ ಅಪ್ಪನ ಔಷಧ ತರಲು ಹುಬ್ಬಳ್ಳಿಗೆ ಹೊರಟವಳು ಬಸ್ಸು ಹಿಡಿಯುವುದು ಬಿಟ್ಟು ಯಲವಿಗಿ ರೈಲ್ವೆ ಸ್ಟೇಷನ್ನಿಗೆ ಬಂದಳು. ತನ್ನ ಅಳಿಯ ಪ್ರತಿ ಸೋಮವಾರ ಮುಂಜಾನೆಯ ಗಾಡಿಗೆ ಧಾರವಾಡಕ್ಕೆ ಹೋಗುತ್ತಾನೆಂದು ಮಾವನೇ ಅವತ್ತು ಜಂಬದಿಂದ ಹೇಳಿದ್ದ.

ಅವಳನ್ನು ಕಂಡು ಫಕ್ಕೀರೇಶ ತಟ್ಟನೆ ಎದ್ದ. ಇವತ್ತು ಮಾಸ್ಕ್ ಇರಲಿಲ್ಲ.

"ನನ್ನಾಗ ಏನ್ ಕೊರತಿ ಕಂಡ್ರಿ?" ಅವಳು ಕೇಳಿಯೇಬಿಟ್ಟಳು. "ಹೊಂಡೂ ತನಕ ನನ್ನ ಮುಖಾನೂ ಸರಿಯಾಗಿ ನೋಡಲಿಲ್ಲ. ಬರೇ ನಮ್ಮ ಅಪ್ಪನ ಎದಿ ನೋಡಾಕತ್ತಿದ್ರಿ!"

"ಅವರು ಏದುಸಿರು ಬಿಡಾಕತ್ತಿದ್ರು, ಅದಕ್ಕ... ಅವತ್ತ ನನಗ ಜ್ವರ ಬಿಟ್ಟಿತ್ತು, ಕೆಮ್ಮು ಉಳದಿತ್ತು; ಈಗ ಅದೂ ಹೋಗೇತಿ. ಕನ್ಯಾ ನೋಡಾಕ ಹೋದಲ್ಲಿ ರೋಗದ ಮಾತು ಎತ್ತಬ್ಯಾಡ ಅಂತ ಮಾವ ಬಾಯಿ ಮುಚ್ಚಿಸಿದ್ದ. ತಿನ್ನಬೇಕಂದ್ರ ಮಾಸ್ಕ್ ತೆಗೀಬೇಕಲ್ರಿ?"

"ಒಂದು ಕೆಮ್ಮಿಗೆ ಇಷ್ಟು ಅಂಜಿಕಿ?"

"ಕೆಮ್ಮಿಗಲ್ರಿ, ಅದರಾಗಿನ ವೈರಸ್ಸಿಗೆ. ಅದರ ಮೈಮ್ಯಾಲಿನ ಪ್ರೋಟೀನು ಎದಿಯೊಳಗ ಹೊಕ್ಕರ ಸಾಕು, ನಮ್ಮ ಮೈ ಕಾಯೋ ಕಣಗೋಳು ಕಳ್ಳ ಬಂದಾನಂತ ಬಡಿಗಿ ಹಿಡಕೊಂಡು ಬರ್ತಾವ. ಕಳ್ಳನ್ನ ಬಡಿಯೋ ಭರದಾಗ ನಮ್ಮ ಮನಿ ಗ್ವಾಡಿನೂ ಕೆಡವತಾವ. ಶ್ವಾಸಕೋಶ ಬಾತು ನೀರು ತುಂಬತೇತಿ. ಕೆಲವರಿಗೆ ವೈರಸ್ ಸತ್ತ ಮ್ಯಾಲೂ ಬಡಿದಾಟ ನಿಲ್ಲಂಗಿಲ್ಲ."

"ಅಪ್ಪಗ ಕೊರೋನಾದಾಗ ಹಿಂಗ ಆಗಿತ್ತು..." ತನುಜಾಳ ಕಣ್ಣು ತುಂಬಿದವು. "ಜ್ವರ ಹೋದ ಮ್ಯಾಲ ಉಸಿರು ಕಟ್ಟಿತ್ತು."

"ನೋಡಿದ ಕೂಡಲೇ ಅನಿಸಿತ್ರಿ. ಆ ಎದಿ ಇನ್ನೊಮ್ಮೆ ತಡಿಯೂದಿಲ್ಲ ಅಂತ ಹೊರಗ ಕುಂತೆ. ಆಮ್ಯಾಲ ಫೋನ್ ಮಾಡಿದೆ. ನಿಮ್ಮ ಅವ್ವಾರು ನನ್ನ ಹೆಸರು ಕೇಳಿದ ಕೂಡಲೇ ಫೋನ್ ಇಟ್ಟಬಿಟ್ರು."

ಅಪ್ಪನ ಉಸಿರಿಗಾಗಿ ಹೊರಗೆ ಕೂತವನನ್ನು ಸೊಕ್ಕಿನವನು ಎಂದೆವಲ್ಲ! ಅವಳಿಗೆ ಅಳುವೂ ಬಂತು, ನಗುವೂ ಬಂತು.

"ನಾವೂ ನಿಮ್ಮ ಮ್ಯಾಲ ಸುಮ್ಮನ ಬಡಿಗಿ ಎತ್ತಿದ್ವಿ ನೋಡ್ರಿ..."

ಗಾಡಿ ಬಂತು. ಇಬ್ಬರೂ ಹತ್ತಲಿಲ್ಲ.

"ನಾಳೆ ಹಿರೇಕೆರೂರಿನವರು ಬರ್ತಾರ," ಎಂದಳು ನೆಲ ನೋಡುತ್ತ.

ಅವನ ಮುಖ ಸಪ್ಪಗಾಯಿತು. "ಮತ್ತ... ನೀವು ಏನಂದ್ರಿ?"

ತನುಜಾ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಅವನ ಮುಂದೆ ಹಿಡಿದಳು. ಅವಲಕ್ಕಿ!

ಫಕ್ಕೀರೇಶ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಇನ್ನೊಂದು ಹಿಡಿಯೂ.

"ಉಪ್ಪು ಕಡಿಮಿ ಆಗೇತ್ರಿ."

"ಅವತ್ತಿಂದು ಸರಿ ಇತ್ತು. ನೀವ ಮುಟ್ಟಲಿಲ್ಲ."

"ಇವತ್ತ ಮುಟ್ಟೇನಿ. ಮನಿಗೆ ಹೋಗಿ ಅವ್ವಾರಿಗೆ ಹೇಳ್ತೀರೇನು?"

"ನಾನ್ಯಾಕ ಹೇಳ್ಲಿ?" ಅವಳು ಕಣ್ಣೊರೆಸಿಕೊಂಡು ನಕ್ಕಳು. "ನೀವ ಬಂದು ಅವರ ಕಣ್ಮುಂದ ತಿನ್ರಿ!"