ಪಲ್ಪರ್ ಮನೆಯ ಸ್ವಿಚ್ಚು

"ನಿನ್ನ ಪ್ರೋಗ್ರಾಮಿಗೆ ತಲೆ ಕೆಟ್ಟಿದೆ ಮಾರಾಯ. ಯಾರೂ ಒತ್ತದೆ ಸೈರನ್ ಕೂಗ್ತದೆ. ಇವತ್ತೇ ಈ ಕಂಪ್ಯೂಟರನ್ನು ಗುಜರಿಗೆ ಹಾಕೋದು," ಎಂದರು ಹುದಿಕೇರಿಯ ಎಸ್ಟೇಟಿನ ಒಡತಿ ದೇಚಮ್ಮಕ್ಕ.

ನನಗೆ ಚುಚ್ಚಿತು. ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಸ್ವಿಚ್ಚನ್ನು ಆ ಹಳೇ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ ಜೋಡಿಸಿ, ಪೋರ್ಟನ್ನು ನೇರವಾಗಿ ಓದುವ ಕೋಡನ್ನು ಯಾರೂ ಹೇಳಿಕೊಡದೆ ಬರೆದವನು ನಾನು. ಒತ್ತಿದರೆ ಒಂದು, ಸೈರನ್ ಕೂಗುತ್ತದೆ; ಬಿಟ್ಟರೆ ಸೊನ್ನೆ. ಅದಕ್ಕೆ ಬೇರೆ ಮಾತೇ ಗೊತ್ತಿಲ್ಲ.

"ತಪ್ಪು ವೈರಿನದ್ದು ಅಕ್ಕ, ಕೋಡಿನದ್ದಲ್ಲ. ನೋಡ್ತಿರಿ," ಎಂದು ಕೇಬಲ್ ಕಿತ್ತು ಅವರ ಕೈಗೇ ಕೊಟ್ಟೆ. ಪೋರ್ಟಿನ ಖಾಲಿ ಪಿನ್ನು ಏನೇನೋ ಹೇಳೀತೆಂದು ಅದನ್ನು ತುಂಡು ತಂತಿಯಿಂದ ಅರ್ತ್ ಪಿನ್ನಿಗೆ ಬಿಗಿದೆ. ಇನ್ನು ಅದು ಸೊನ್ನೆ ಬಿಟ್ಟು ಬೇರೇನೂ ಹೇಳುವಂತಿರಲಿಲ್ಲ.

ಪರದೆಯ ಮೇಲೆ ಸೊನ್ನೆಗಳು ಹರಿದವು. ಮಧ್ಯಾಹ್ನದ ಬಿಸಿಲಲ್ಲೂ ಕೀಬೋರ್ಡು ಬೆರಳಿಗೆ ತಣ್ಣಗೆ ತಾಗಿತು. ಆಮೇಲೆ ಒಂದುಗಳು ಬಂದವು. ಉದ್ದದ ಒಂದು ಒತ್ತು, ಬಿಡುವು, ಗಿಡ್ಡ ಗಿಡ್ಡ ಎರಡು.

ದೇಚಮ್ಮಕ್ಕನ ದನಿ ಇಳಿಯಿತು. "ಹಣ್ಣು ತನ್ನಿ ಅಂತ ಐತಪ್ಪ ಹೀಗೇ ಒತ್ತುತ್ತಿದ್ದ, ಅಲ್ವಾ?"

ಪಲ್ಪರ್ ನಡೆಸುತ್ತಿದ್ದ ಐತಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದ.

"ಅವನದ್ದೇ ಕೈ ಅಕ್ಕ. ನನ್ನ ಕೋಡು ಒಂದೊತ್ತನ್ನೂ ಬಿಟ್ಟಿಲ್ಲ ನೋಡಿ!" ಎಂದೆ. ಹೆದರಿಕೆಗಿಂತ ಹೆಮ್ಮೆಯೇ ಜಾಸ್ತಿಯಿತ್ತು.

"ಹಾಗಾದ್ರೆ ಗುಜರಿಗೆ ಬೇಡ. ಇರಲಿ ಬಿಡು."

ಇಬ್ಬರೂ ಪಲ್ಪರ್ ಮನೆಗೆ ನಡೆದೆವು. ಈ ವರ್ಷದ ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ಸ್ವಿಚ್ಚಿನ ಮೇಲೆ ಹಸಿ ಕಾಫಿಹಣ್ಣಿನ ಅಂಟು, ಹೆಬ್ಬೆರಳಿನ ಅಗಲಕ್ಕೆ, ಇನ್ನೂ ಒದ್ದೆಯಾಗಿಯೇ ಇತ್ತು.