ಹನಿ, ಹಾನಿ

ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಅವಳಿಗೆ ಬಾಲ್ಯದ ವಾಸನೆ. ಅಪ್ಪ ಕಾರು ನಿಲ್ಲಿಸಿ ಅಂಗಡಿಗೆ ಹೋದಾಗ ಹಿಂದಿನ ಸೀಟಿಗೆ ಕೆನ್ನೆಯಿಟ್ಟು ಮಲಗುತ್ತಿದ್ದಳು. ಎದ್ದರೆ ಕೆನ್ನೆಯ ತುಂಬ ಹೊಲಿಗೆಯ ಗೆರೆ.

ಈಗಿನ ಕಾರು ಬೇರೆ. ಆದರೂ ಬಾಗಿಲು ತೆಗೆದರೆ ಅದೇ ವಾಸನೆ, ಜೊತೆಗೆ ಅಮ್ಮನ ಔಷಧಿಯದಿಷ್ಟು. ವಾರಕ್ಕೆರಡು ಸಲ ಅಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಆ ಕಾರೇ ಗತಿ. ಬಸ್ಸಿನ ಮೆಟ್ಟಿಲು ಅಮ್ಮನಿಗೆ ಬೆಟ್ಟ.

ಅಮ್ಮ ಎರಡು ತಿಂಗಳು ಆಸ್ಪತ್ರೆಯಲ್ಲೇ ಇದ್ದಾಗ ಕಾರಿನ ಇನ್ಶೂರೆನ್ಸ್ ಮುಗಿದದ್ದು ಅವಳ ಗಮನಕ್ಕೇ ಬರಲಿಲ್ಲ. ತೊಂಬತ್ತು ದಿನದೊಳಗೆ ನವೀಕರಿಸದಿದ್ದರೆ, ಒಂಬತ್ತು ವರ್ಷ ಒಂದೂ ಕ್ಲೈಮ್ ಹಾಕದೆ ಉಳಿಸಿಕೊಂಡ ರಿಯಾಯಿತಿ ಪೂರ್ತಿ ಹೋಗುತ್ತದೆ. ಅದು ಹೋದರೆ ಪ್ರೀಮಿಯಂ ಕೈಗೆಟುಕುವುದಿಲ್ಲ, ಕಾರು ಮಾರಲೇಬೇಕು. ಎಂಬತ್ತಾರನೆಯ ದಿನ ಏಜೆಂಟ್ ಫಾರ್ಮ್ ಹಿಡಿದು ಬಂದ.

ವರ್ಷಕ್ಕೊಮ್ಮೆ ಬರುವವ. ಚಪ್ಪಲಿ ಜೋಡಿಸಿ ಬಿಟ್ಟು, ಮೊದಲು ಅಮ್ಮನ ಮಂಚದ ಪಕ್ಕ ಕೂತು ಆರೋಗ್ಯ ವಿಚಾರಿಸುವವ. ಆಮೇಲೆ ಅವಳತ್ತ ಒಂದು ನೋಟ. ಅವಳು ತಲೆಯೆತ್ತಿದರೆ ಸಾಕು, ಆ ನೋಟ ಓಡಿಹೋಗಿ ಫಾರ್ಮಿನ ಮೇಲೆ ಕೂರುತ್ತಿತ್ತು.

"ಏನು ಪಾಲಿಸಿರಾಯರೇ," ಅಮ್ಮ ಕೆಣಕಿದಳು, "ಕಾರಿನ ನಂಬರ್ ಇವಳ ಮುಖದ ಮೇಲೆ ಬರೆದಿದ್ಯಾ?"

ಅವನ ಕಿವಿಗಳು ಕೆಂಪಗಾದವು. ಅವಳು ಕೇಳಿಸದವಳಂತೆ ಫಾರ್ಮ್ ತುಂಬತೊಡಗಿದಳು.

ಇಪ್ಪತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೈ ಅದು. ಫಾರ್ಮಿನಲ್ಲಿ 'ಹಿಂದಿನ ವರ್ಷ ವಾಹನಕ್ಕೆ ಆದ ಹನಿ' ಎಂದು ಅಚ್ಚಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಕೆಂಪು ಪೆನ್ನು ತೆಗೆದು ಹಕಾರಕ್ಕೆ ದೀರ್ಘ ಕೊಟ್ಟು, ಮುಂದೆ 'ಇಲ್ಲ' ಎಂದು ಬರೆದಳು.

ತೊಂಬತ್ಮೂರನೆಯ ದಿನ ಅವನು ಮತ್ತೆ ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಬಿಡಲಿಲ್ಲ.

"ಫಾರ್ಮ್ ವಾಪಸ್ ಬಂತು. ಅಚ್ಚಾದ ಅಕ್ಷರ ತಿದ್ದಿದ್ದಾರೆ, ಸ್ವೀಕರಿಸೋಕೆ ಆಗಲ್ಲ ಅಂತ ಬರೆದಿದ್ದಾರೆ."

ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು, ಗಡುವು ಮುಗಿದು ಮೂರು ದಿನ. "ಕೆಂಪು ಇಂಕು ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?"

"ಬಿತ್ತು."

"ಮತ್ತೆ?"

"ಬ್ಯಾಗಲ್ಲಿ ಇನ್ನೊಂದು ಫಾರ್ಮ್ ಇತ್ತು. ಆದ್ರೆ ತಿದ್ದಿ ನೀವು ನಕ್ರಿ. 'ನೋಡಿ, ಒಂದು ದೀರ್ಘ ತಪ್ಪಿದ್ರೆ ಹಾನಿಯೆಲ್ಲ ಬರೀ ಹನಿ' ಅಂದ್ರಿ. ನೀವು ನಕ್ಕಿದ್ದು ನೋಡಿ ಎಷ್ಟು ಕಾಲ ಆಗಿತ್ತೋ. ಇದು ನಡೆಯಲ್ಲ, ಬೇರೆ ಬರೀರಿ ಅನ್ನೋಕೆ ಬಾಯಿ ಬರ್ಲಿಲ್ಲ. ನಡೆದುಹೋಗುತ್ತೆ ಅಂದ್ಕೊಂಡೆ."

"ನನ್ನ ನಗು ಉಳಿಸೋಕೆ ಹೋಗಿ ಅಮ್ಮನ ಕಾರು ಕಳೆದ್ರಿ."

ಅವನು ತಲೆ ತಗ್ಗಿಸಿದ. "ಒಂಬತ್ತು ವರ್ಷ ನಾನೂ ಒಂದು ಕ್ಲೈಮ್ ಹಾಕ್ಲಿಲ್ಲ," ಅಂದ. "ಹಾಕೋ ಧೈರ್ಯ ಇರ್ಲಿಲ್ಲ."

ಬೇರೆ ದಿನವಾಗಿದ್ದರೆ ಆ ಮಾತನ್ನು ಅವಳು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದಳು.

"ಅವಧಿ ಮುಗೀತು ರಾಯರೇ. ನಿಮ್ದೂ ರದ್ದು."

ಅವನು ಬ್ಯಾಗಿನಿಂದ ತೆಳ್ಳಗಿನ ಇನ್ನೊಂದು ಫಾರ್ಮ್ ತೆಗೆದ. "ಮಾರಬೇಡಿ. ಥರ್ಡ್ ಪಾರ್ಟಿ ಮಾತ್ರ ಮಾಡ್ಸಿ, ಪ್ರೀಮಿಯಂ ತುಂಬಾ ಇಳಿಯುತ್ತೆ. ನಿಮ್ಮ ಕಾರಿಂದ ಬೇರೆಯವರಿಗೆ ಪೆಟ್ಟಾದ್ರೆ ಕಂಪನಿ ಕೊಡುತ್ತೆ."

"ನಮಗೇ ಪೆಟ್ಟಾದ್ರೆ?"

"ಏನೂ ಇಲ್ಲ."

"ಪರ್ವಾಗಿಲ್ಲ. ಅಭ್ಯಾಸ ಇದೆ."

ಈ ಫಾರ್ಮಿನಲ್ಲೂ 'ಹನಿ' ಎಂದೇ ಇತ್ತು. ಅವಳು ತಿದ್ದಲಿಲ್ಲ. ಸಹಿ ಹಾಕಿ ಕೊಟ್ಟು, ಅವನ ಮುಖ ನೋಡದೆ ಬಾಗಿಲು ಹಾಕಿಕೊಂಡಳು.

ಆ ವಾರ ಕಾರು ಓಡಿಸುವಾಗ ಎದುರು ಬಂದ ಪ್ರತಿ ಲಾರಿಗೂ ಅವಳ ಬೆನ್ನು ಬೆವರಿತು. ಒಂದು ಪೆಟ್ಟಾದರೆ ಅಲ್ಲಿಗೆ ಮುಗಿಯಿತು, ಇನ್ನೊಂದು ಕಾರಿಲ್ಲ. ಅಮ್ಮ ಹಿಂದಿನಿಂದ, "ಎಷ್ಟು ಮೆಲ್ಲಗೆ ಹೋಗ್ತೀಯೇ, ನಡ್ಕೊಂಡೇ ಬರ್ತಿದ್ದೆ," ಅಂದಳು. ಇಬ್ಬರಿಗೂ ನಗು ಬರಲಿಲ್ಲ.

ಆಸ್ಪತ್ರೆಯವರು ಅಮ್ಮನನ್ನು ಒಳಗೆ ಕರೆದೊಯ್ದ ಮೇಲೆ ಡಾಕ್ಟರು ಹೊರಗೆ ಬಂದರು. ಕನ್ನಡಕ ತೆಗೆದು ಒರೆಸಿದರು. "ಇನ್ನು ಬಹಳ ದಿನ ಎಳೆಯೋದು ಕಷ್ಟಮ್ಮ. ನೀವು ಗಟ್ಟಿಯಾಗಿರಬೇಕು."

ಕಾರಿಡಾರಿನ ಕುರ್ಚಿಯಲ್ಲಿ ಅವಳು ಕೂತಳು. ಕಾರು ಉಳಿದಿತ್ತು. ಕರೆದುಕೊಂಡು ಹೋಗಬೇಕಾದವಳೇ ಜಾರಿಹೋಗುತ್ತಿದ್ದಳು.

ಎಷ್ಟು ಹೊತ್ತಾಯಿತೋ, ಪಕ್ಕದಲ್ಲಿ ಒಂದು ಕುರ್ಚಿ ಬಿಟ್ಟು ಯಾರೋ ಕೂತರು. ಏಜೆಂಟ್. ಕೈಯಲ್ಲಿ ಬ್ಯಾಗಿರಲಿಲ್ಲ, ಒಂದು ಬಟ್ಟೆಯ ಗಂಟಿತ್ತು.

"ಇವತ್ತು ಯಾವ ಫಾರ್ಮು?" ಅವಳು ತಲೆಯೆತ್ತದೆ ಕೇಳಿದಳು.

"ಯಾವುದೂ ಇಲ್ಲ. ಸಿಟ್ಟು ಹೋಯ್ತಾ?"

"ಇಲ್ಲ."

"ಇರ್ಲಿ. ಇಟ್ಕೊಳ್ಳಿ."

ಅವಳು ಅಳತೊಡಗಿದಳು. ಅವನು ನಡುವಿನ ಕುರ್ಚಿಗೆ ಸರಿದು ಕೂತ. ಅಳು ನಿಂತ ಮೇಲೆ, ಬಟ್ಟೆಯಲ್ಲಿ ಸುತ್ತಿ ತಂದಿದ್ದ ಡಬ್ಬಿಯನ್ನು ಬಿಚ್ಚಿ, ಚಮಚ ಒರೆಸಿ, ಇನ್ನೂ ಬಿಸಿಯಿದ್ದ ಊಟವನ್ನು ಅವಳ ಕೈಗಿಟ್ಟ.